ಚುಟ್ಟಿಯ ಬಿಳಿ, ದಗಲೆಯ ಕೆಂಪು: ಕಾಸರಗೋಡಿನ ಒಂದು ಮುದ್ರಣದ ಅಂಗಡಿ

ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಸಿಗುವ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಫೋಟೊಗಳನ್ನೂ ಕಿರುಪುಸ್ತಕಗಳನ್ನೂ ಮುದ್ರಿಸಿಕೊಡುವ ಒಂದು ಸಣ್ಣ ಅಂಗಡಿ ಇದೆ. ಫಲಕದಲ್ಲಿ ಮಲಯಾಳದ ದೊಡ್ಡ ಅಕ್ಷರಗಳ ಕೆಳಗೆ ಕನ್ನಡದಲ್ಲೂ ಹೆಸರು ಬರೆಸಿದ್ದಾರೆ. ಆ ಹೆಸರನ್ನು ಇಲ್ಲಿ ಹಾಕಬಾರದೆಂದು ಯಜಮಾನರು ಕೇಳಿಕೊಂಡಿರುವುದರಿಂದ ಬಿಟ್ಟಿದ್ದೇನೆ. ಇಬ್ಬರೇ ಕೆಲಸ ಮಾಡುವ ಜಾಗ, ಈಗ ಬರುವ ಕೆಲಸವನ್ನೇ ಹೊತ್ತಿಗೆ ಸರಿಯಾಗಿ ಮುಗಿಸಲು ಆಗುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹಾಗಿದ್ದರೂ ಬರೆಯುತ್ತಿರುವುದೇಕೆಂದರೆ, ಬಣ್ಣದ ಮುದ್ರಣಕ್ಕೆ ದುಡ್ಡು ಕೊಡುವವನು ಏನನ್ನು ನೋಡಬೇಕು, ಯಾವ ಬೆಳಕಿನಲ್ಲಿ ನೋಡಬೇಕು ಎಂಬುದನ್ನು ನಿವೃತ್ತನಾದ ಮೇಲೆ ನನಗೆ ಕಲಿಸಿಕೊಟ್ಟದ್ದು ಈ ಅಂಗಡಿ.

ನಮ್ಮದು ಬದಿಯಡ್ಕದ ಕಡೆಯ ಒಂದು ಹಳ್ಳಿ. ಊರಿನ ವಾಚನಾಲಯದ ಗೋಡೆಗೆ ಯಕ್ಷಗಾನದ ಹನ್ನೆರಡು ದೊಡ್ಡ ಫೋಟೊಗಳನ್ನು ಹಾಕಬೇಕು, ಜೊತೆಗೆ ಮೂವತ್ತೆರಡು ಪುಟಗಳ ಒಂದು ಪುಸ್ತಕವನ್ನೂ ತರಬೇಕು ಎಂದು ನಾವು ಕೆಲವರು ಸೇರಿ ತೀರ್ಮಾನಿಸಿದ್ದೆವು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಇಂಥ ಕೆಲಸಕ್ಕೆ ಜನರ ಬೆಂಬಲಕ್ಕೇನೂ ಕೊರತೆಯಿಲ್ಲ. ದೇವಸ್ಥಾನದ ಗದ್ದೆಯಲ್ಲಿ ನಡೆದ ದೇವಿ ಮಹಾತ್ಮೆಯ ಬಯಲಾಟವನ್ನು ನನ್ನ ತಂಗಿಯ ಮಗ ರಾತ್ರಿಯಿಡೀ ನಿದ್ದೆಗೆಟ್ಟು, ವೇಷ ಕಟ್ಟುವ ಚೌಕಿಯಲ್ಲಿಯೂ ರಂಗಸ್ಥಳದ ಎದುರಿನಲ್ಲಿಯೂ ತನ್ನ ಮೊಬೈಲಿನಲ್ಲೇ ಸೆರೆಹಿಡಿದಿದ್ದ. ಆ ಚಿತ್ರಗಳು ಅವನ ಕೈಯ ಪರದೆಯ ಮೇಲೆ ಎಷ್ಟು ಸೊಗಸಾಗಿ ಕಾಣುತ್ತಿದ್ದುವೆಂದರೆ, ಅವುಗಳನ್ನು ಕಾಗದಕ್ಕೆ ತರುವುದು ಒಂದು ಗುಂಡಿ ಒತ್ತಿದಷ್ಟೇ ಸುಲಭವೆಂದು ನಾವೆಲ್ಲರೂ ನಂಬಿದ್ದೆವು.

ಮೊದಲು ಹೋದದ್ದು ಬೇರೊಂದು ಕಡೆಗೆ. ಅಲ್ಲಿ ಹತ್ತು ನಿಮಿಷದೊಳಗೆ ಹನ್ನೆರಡು ಹಾಳೆಗಳು ಕೈಗೆ ಬಂದವು. ಒಂದರಲ್ಲಿಯೂ ನಾವು ಕಂಡ ವೇಷ ಇರಲಿಲ್ಲ. ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರದ, ದಗಲೆಯ (ಮೇಲಂಗಿಯ) ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ ಗಂಟೆಗಟ್ಟಲೆ ಕೂತು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುವ ಚುಟ್ಟಿ, ಅದರ ಬಿಳುಪಿಗೆ ಬದಲಾಗಿ ತೆಳು ನೀಲಿ ಬಳಿದಂತೆ ಕಾಣುತ್ತಿತ್ತು. ಕೇಳಿದ್ದಕ್ಕೆ ‘ನಮ್ಮ ಮೆಶೀನಿನಲ್ಲಿ ಬರುವುದೇ ಹೀಗೆ’ ಎಂಬ ಉತ್ತರ ಸಿಕ್ಕಿತು. ಹಣ ಕೊಟ್ಟು ಬಂದೆ. ಮನೆಯಲ್ಲಿ ಮೊಬೈಲನ್ನೂ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಿಜವಾಗಿಯೂ ದುಃಖವಾಯಿತು, ಏಕೆಂದರೆ ಆ ಚುಟ್ಟಿಯನ್ನು ಇಟ್ಟ ಕಲಾವಿದರು ಸಂಜೆಯೇ ಚೌಕಿಗೆ ಬಂದು ಕನ್ನಡಿಯ ಎದುರು ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೆ.

ಹಳೆ ಬಸ್ ನಿಲ್ದಾಣದ ಅಂಗಡಿಯ ಯಜಮಾನರು ದುಬೈಯ ಮುದ್ರಣಾಲಯವೊಂದರಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳಿದವರು. ನಾನು ತಂದಿದ್ದ ಹಾಳೆಗಳನ್ನು ನೋಡಿದರೂ ಹಿಂದಿನ ಅಂಗಡಿಯವರನ್ನು ಅವರು ಒಂದು ಮಾತಿನಿಂದಲೂ ಹಳಿಯಲಿಲ್ಲ. ಆ ನಡತೆ ನನಗೆ ಹಿಡಿಸಿತು. ಸೋದರಳಿಯನ ಮೊಬೈಲನ್ನು ಮೇಜಿನ ಮೇಲೆ ಮಲಗಿಸಿ, ಬೆರಳ ತುದಿಯಿಂದ ಅದರ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ‘ಮಾಷ್ಟ್ರೇ, ಇದರೊಳಗೆ ಸ್ವಲ್ಪ ಬಗ್ಗಿ ನೋಡಿ’ ಎಂದರು. ಹನಿಯೇ ಭೂತಗನ್ನಡಿಯಾಗಿತ್ತು. ವೇಷದ ಮುಖಕ್ಕೆ ಬಳಿದ ಅರದಾಳದ ಹಳದಿ ಇದ್ದ ಕಡೆ ಹಳದಿಯ ಕಣವೊಂದೂ ಇರಲಿಲ್ಲ. ಕೆಂಪಿನ ಮತ್ತು ಹಸಿರಿನ ಕಿಡಿಗಳು ಮಾತ್ರ ಒತ್ತೊತ್ತಾಗಿ ಉರಿಯುತ್ತಿದ್ದವು. ಚುಟ್ಟಿಯ ಬಿಳಿಯಲ್ಲಿ ಅವೆರಡರ ಜೊತೆಗೆ ನೀಲಿಯೂ ಇತ್ತು. ಎಷ್ಟೋ ವರ್ಷ ಪಾಠ ಹೇಳಿದವನು ನಾನು, ಆದರೆ ಇದನ್ನು ಹೀಗೆ ಕಣ್ಣಿನಿಂದ ಕಂಡದ್ದು ಅಂದೇ ಮೊದಲು.

ಪರದೆಗೆ ಗೊತ್ತಿರುವುದು ಮೂರೇ ಬಣ್ಣಗಳ ಬೆಳಕು. ಒಂದೊಂದನ್ನೂ ಸೊನ್ನೆಯಿಂದ 255ರವರೆಗೆ 256 ಮಟ್ಟಗಳಲ್ಲಿ ಏರಿಸಿ ಇಳಿಸಿ ಅದು 1,67,77,216 ಬಗೆಯ ಮಿಶ್ರಣಗಳನ್ನು ಮಾಡುತ್ತದೆ. ಇಷ್ಟರಿಂದಲೇ ನಮಗೆ ಲೋಕದ ಬಣ್ಣಗಳೆಲ್ಲ ಕಂಡಂತಾಗುವುದಕ್ಕೆ ಕಾರಣ ಪರದೆಯಲ್ಲಿಲ್ಲ, ನಮ್ಮ ಕಣ್ಣಿನಲ್ಲಿದೆ. ಕಣ್ಣಿನ ಹಿಂಭಾಗದಲ್ಲಿ ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ಅವು ಹೆಚ್ಚಾಗಿ ಸ್ಪಂದಿಸುವುದು ಸುಮಾರು 420, 530 ಮತ್ತು 560 ನ್ಯಾನೊಮೀಟರ್ ತರಂಗಾಂತರದ ಬೆಳಕಿಗೆ. ಹಣ್ಣಡಿಕೆಯ ಸಿಪ್ಪೆಯಿಂದ ಹೊರಡುವ ಬೆಳಕು ಹತ್ತಾರು ತರಂಗಾಂತರಗಳ ಬೆರಕೆಯಾಗಿದ್ದರೂ, ಪರದೆ ಕೆಂಪು ಮತ್ತು ಹಸಿರು ಕಿಡಿಗಳನ್ನಷ್ಟೇ ಉರಿಸುತ್ತಿದ್ದರೂ, ಆ ಮೂರು ಕೋಶಗಳಲ್ಲಿ ಏಳುವ ಪ್ರತಿಕ್ರಿಯೆಯ ಪ್ರಮಾಣ ಒಂದೇ ಆಗಿದ್ದರೆ ನಮಗೆ ಎರಡೂ ಒಂದೇ ಬಣ್ಣ. ಚೆಂಡೆಯನ್ನೂ ಮದ್ದಳೆಯನ್ನೂ ಒಟ್ಟಿಗೆ ಬಾರಿಸಿದಾಗ ಕಿವಿ ಅವೆರಡನ್ನೂ ಬೇರೆಬೇರೆಯಾಗಿ ಕೇಳಿಸಿಕೊಳ್ಳುತ್ತದೆ. ಕಣ್ಣಿಗೆ ಆ ಶಕ್ತಿ ಇಲ್ಲ, ಅದು ಎರಡು ಬೆಳಕುಗಳನ್ನು ಸೇರಿಸಿ ಮೂರನೆಯದೊಂದನ್ನು ಕಾಣುತ್ತದೆ. ಇಂಗ್ಲೆಂಡಿನ ಥಾಮಸ್ ಯಂಗ್ 1802ರಷ್ಟು ಹಿಂದೆಯೇ ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿರಬೇಕೆಂದು ಊಹಿಸಿದ್ದರು. ಅದೇ ಊಹೆಯನ್ನು ಹಿಡಿದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ, ಒಂದು ಬಣ್ಣದ ಪಟ್ಟಿಯನ್ನು ಕೆಂಪು, ಹಸಿರು, ನೀಲಿ ಸೋಸುಗಗಳ ಮೂಲಕ ಮೂರು ಸಲ ಫೋಟೊ ತೆಗೆಸಿ, ಆ ಮೂರನ್ನೂ ಆಯಾ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳುವಂತೆ ಗೋಡೆಗೆ ಹಾಯಿಸಿ ತೋರಿಸಿದ್ದರು. ಇವತ್ತಿನ ಮೊಬೈಲು ಅದೇ ಪ್ರಯೋಗವನ್ನು ಅಂಗೈಯಲ್ಲಿ ನಡೆಸುತ್ತಿದೆ.

ಕಾಗದದ ದಾರಿ ಇದಕ್ಕೆ ಪೂರ್ತಿ ವಿರುದ್ಧವಾದದ್ದು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಕೋಣೆಯ ಬೆಳಕು ಅದರ ಮೇಲೆ ಬಿದ್ದು ಮರಳುವಾಗ ಶಾಯಿ ಅದರಲ್ಲಿ ಒಂದು ಪಾಲನ್ನು ನುಂಗಿ ಉಳಿದುದನ್ನು ನಮಗೆ ಕಳುಹಿಸುತ್ತದೆ. ಸಿಯಾನ್ ಎಂಬ ಹಸಿರುನೀಲಿ ಶಾಯಿ ಕೆಂಪನ್ನು ನುಂಗುತ್ತದೆ, ಮಜೆಂಟಾ ಎಂಬ ನೇರಳೆಗೆಂಪು ಶಾಯಿ ಹಸಿರನ್ನು, ಹಳದಿ ಶಾಯಿ ನೀಲಿಯನ್ನು. ಆದ್ದರಿಂದ ದಗಲೆಯ ಕೆಂಪು ಬರಬೇಕಾದರೆ ಮಜೆಂಟಾ ಮತ್ತು ಹಳದಿ ಎರಡೂ ಒಂದರ ಮೇಲೊಂದು ಬಿದ್ದು ಹಸಿರು ನೀಲಿಗಳನ್ನು ತೆಗೆದುಹಾಕಬೇಕು. ಮೂರೂ ಶಾಯಿಗಳು ಸೇರಿದರೆ ಲೆಕ್ಕದ ಪ್ರಕಾರ ಕಪ್ಪು ಬರಬೇಕು, ಬರುವುದು ಮಾತ್ರ ಕೆಸರಿನಂಥ ಕಂದು, ಏಕೆಂದರೆ ಯಾವ ಶಾಯಿಯೂ ತಾನು ನುಂಗಬೇಕಾದುದನ್ನಷ್ಟೇ ಅಚ್ಚುಕಟ್ಟಾಗಿ ನುಂಗುವುದಿಲ್ಲ. ಅದಕ್ಕೇ ಕಪ್ಪನ್ನು ನಾಲ್ಕನೆಯ ಶಾಯಿಯಾಗಿ ಬೇರೆ ಇಡುತ್ತಾರೆ. ಬೆಳಕನ್ನು ಕೂಡಿಸುತ್ತ ಹೋಗುವ ಪರದೆಗೂ ಕಳೆಯುತ್ತ ಹೋಗುವ ಕಾಗದಕ್ಕೂ ತಲುಪಬಲ್ಲ ಬಣ್ಣಗಳ ಗಡಿ ಒಂದೇ ಆಗಿರಲು ಸಾಧ್ಯವಿಲ್ಲ. ಪರದೆಯ ಕಡು ನೀಲಿ ಮತ್ತು ಹೊಳೆಯುವ ಹಸಿರು ಕಾಗದದ ಗಡಿಯ ಆಚೆಗಿವೆ; ಅಚ್ಚ ಹಳದಿ ಮತ್ತು ಸಿಯಾನಿನ ಕೆಲವು ಛಾಯೆಗಳನ್ನು ಸಾಮಾನ್ಯ ಪರದೆಗಿಂತ ಕಾಗದವೇ ಚೆನ್ನಾಗಿ ತೋರಿಸಬಲ್ಲದು. ‘ಪರದೆಯಲ್ಲಿ ಕಂಡಂತೆಯೇ ಬೇಕು’ ಎಂದು ಹಟ ಹಿಡಿಯುವ ಗಿರಾಕಿಗಳಲ್ಲಿ ನಾನೂ ಒಬ್ಬನಾಗಿದ್ದೆ. ಆ ಮಾತಿಗೆ ಅರ್ಥವಿಲ್ಲವೆಂಬುದು ಈಗ ತಿಳಿದಿದೆ.

ಈ ಅಂಗಡಿಯ ನಿಜವಾದ ಹೆಚ್ಚುಗಾರಿಕೆ ಇರುವುದು ಪ್ರೂಫ್ ತೆಗೆಯುವ ಕ್ರಮದಲ್ಲಿ. ಇಡೀ ಚಿತ್ರವನ್ನು ಮುದ್ರಿಸುವ ಮೊದಲು ಮುಖ, ದಗಲೆ, ಕಿರೀಟ ಈ ಮೂರರ ತುಣುಕುಗಳನ್ನು ಒಂದು ಪಟ್ಟಿಯಷ್ಟು ಕಾಗದದಲ್ಲಿ ಮುದ್ರಿಸಿ ಕೈಗೆ ಕೊಡುತ್ತಾರೆ. ಪಟ್ಟಿಯೊಂದಕ್ಕೆ ಮೂವತ್ತು ರೂಪಾಯಿ; ಎ3 ಅಳತೆಯ ಪೂರ್ತಿ ಚಿತ್ರಕ್ಕೆ ನೂರಾ ಅರವತ್ತು. ಹಿಂದಿನ ಕಡೆ ಕೊಟ್ಟದ್ದಕ್ಕಿಂತ ಇದು ಹೆಚ್ಚೇ. ಆದರೆ ಪಟ್ಟಿಯನ್ನು ನೋಡಿದ ಮೇಲೆ ಬದಲಾವಣೆ ಮಾಡಿಸಿಕೊಳ್ಳಬಹುದು ಎಂಬುದರ ಬೆಲೆ ಆ ಮೂವತ್ತು ರೂಪಾಯಿಗಿಂತ ಎಷ್ಟೋ ಪಾಲು ದೊಡ್ಡದು. ಅವರ ಪ್ರಿಂಟರಿನಲ್ಲಿ ನಾಲ್ಕಲ್ಲ, ಆರು ಶಾಯಿಗಳಿವೆ: ತಿಳಿ ಸಿಯಾನ್ ಮತ್ತು ತಿಳಿ ಮಜೆಂಟಾ ಹೆಚ್ಚಿನವು. ಮುಖದ ಮೇಲಿನ ನಸು ನೆರಳನ್ನು ಕಡು ಶಾಯಿಯ ದೂರದೂರದ ಚುಕ್ಕೆಗಳಿಂದ ತೋರಿಸಿದರೆ ಚರ್ಮ ಮರಳುಮರಳಾಗಿ ಕಾಣುತ್ತದೆ. ತಿಳಿ ಶಾಯಿಯ ಒತ್ತು ಚುಕ್ಕೆಗಳಿಂದ ತೋರಿಸಿದರೆ ನುಣುಪಾಗುತ್ತದೆ. ಚಂಡಮುಂಡರ ವೇಷಗಳಲ್ಲಿ ಇದರ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ದೇವಿಯ ಪಾತ್ರದ ಕೆನ್ನೆಯಲ್ಲಿ ಥಟ್ಟನೆ ತಿಳಿಯುತ್ತದೆ.

ಚುಟ್ಟಿಯ ಬಿಳಿಯ ವಿಷಯಕ್ಕೆ ಬರುತ್ತೇನೆ, ನನ್ನನ್ನು ಇಲ್ಲಿಗೆ ಕರೆತಂದದ್ದೇ ಅದು. ಇಂಥ ಪ್ರಿಂಟರುಗಳಲ್ಲಿ ಬಿಳಿ ಶಾಯಿ ಎಂಬುದೇ ಇಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆ ಯಂತ್ರ ಏನನ್ನೂ ಹಾಕದೆ ಮುಂದೆ ಹೋಗುತ್ತದೆ; ಅಲ್ಲಿ ನಮಗೆ ಕಾಣುವುದು ಬರಿಯ ಕಾಗದ. ಹಾಗಾಗಿ ಚುಟ್ಟಿಯ ಬಣ್ಣವನ್ನು ತೀರ್ಮಾನಿಸುವುದು ನಾವು ಆರಿಸುವ ಕಾಗದವೇ ಹೊರತು ಯಂತ್ರವಲ್ಲ. ಪೇಟೆಯಲ್ಲಿ ಸಿಗುವ ಬಹಳಷ್ಟು ‘ಅತಿ ಬಿಳಿ’ ಕಾಗದಗಳಲ್ಲಿ ಹೊಳಪು ಕೊಡುವ ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಅವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿಕೊಂಡು ನೀಲಿ ಬೆಳಕಾಗಿ ಹೊರಬಿಡುತ್ತವೆ. ಬಿಳಿ ಬಟ್ಟೆ ಬೆಳ್ಳಗಾಗಲು ಒಗೆಯುವ ಪುಡಿಗಳಲ್ಲಿ ಹಾಕುವುದೂ ಇದೇ ಜಾತಿಯ ವಸ್ತುಗಳನ್ನು. ಹಿಂದಿನ ಹಾಳೆಗಳಲ್ಲಿ ಚುಟ್ಟಿ ನೀಲಿಯಾಗಲು ಇದೂ ಒಂದು ಕಾರಣ. ಯಜಮಾನರು ನಾಲ್ಕು ಬಗೆಯ ಕಾಗದದ ತುಂಡುಗಳನ್ನು ಸಾಲಾಗಿ ಇಟ್ಟರು. ಒಂದೊಂದಾಗಿ ನೋಡಿದಾಗ ಎಲ್ಲವೂ ಬಿಳಿಯೇ. ಪಕ್ಕಪಕ್ಕ ಇಟ್ಟಾಗ ಒಂದು ನೀಲಿ, ಒಂದು ಕೆನೆ, ಒಂದು ನಸುಬೂದಿ. ಹೊಳಪು ರಾಸಾಯನಿಕ ಕಡಿಮೆಯಿರುವ ಮ್ಯಾಟ್ ಕಾಗದವನ್ನು ಆರಿಸಿದೆವು. ಸುಣ್ಣದ ಬಿಳುಪಿಗೆ ಅದು ತೀರ ಹತ್ತಿರ. ಮೊದಲ ಪಟ್ಟಿ ಹೊರಬಂದಾಗ ಮುಖದ ಮೇಲಿನ ಮುಳ್ಳುಗಳ ನೆರಳು ಕೂಡ ಎದ್ದು ಕಂಡಿತು. ನನ್ನ ಸಂತೋಷವನ್ನು ನಾನು ಮುಚ್ಚಿಡಲಿಲ್ಲ.

ಕೆಂಪು ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಅಂಗಡಿಯ ಎಲ್‌ಇಡಿ ದೀಪದ ಕೆಳಗೆ ಪಟ್ಟಿಯ ಕೆಂಪಿಗೂ, ನಾನು ಚೀಲದಲ್ಲಿ ತಂದಿದ್ದ ದಗಲೆಯ ಬಟ್ಟೆಯ ತುಂಡಿಗೂ ಹೊಂದಾಣಿಕೆ ಸರಿಯಾಗಿಯೇ ಕಂಡಿತು. ಅವರು ಒಪ್ಪಲಿಲ್ಲ. ಮೆಟ್ಟಿಲಿಳಿದು ಬೀದಿಯ ಬಿಸಿಲಿಗೆ ಕರೆದುಕೊಂಡು ಹೋದರು; ಅಲ್ಲಿ ಎರಡೂ ಬೇರೆಯಾಗಿದ್ದವು, ಬಟ್ಟೆ ಕೆಂಡದಂತೆ, ಕಾಗದ ಸ್ವಲ್ಪ ಕಂದಿದಂತೆ. ನಾವು ಮನೆಗಳಲ್ಲಿ ಹಾಕುವ ಬಿಳಿ ಎಲ್‌ಇಡಿಗಳಲ್ಲಿ ಹೆಚ್ಚಿನವು ನೀಲಿ ಬೆಳಕು ಬೀರುವ ಚಿಪ್‌ನ ಮೇಲೆ ಹಳದಿ ಬೆಳಕು ಬೀರುವ ಫಾಸ್ಫರ್ ಎಂಬ ವಸ್ತುವನ್ನು ಲೇಪಿಸಿ ಮಾಡಿದವು. ಅವುಗಳ ಬೆಳಕಿನಲ್ಲಿ ಕಡುಗೆಂಪಿನ ಪಾಲು ಕಡಿಮೆ. ದೀಪದಲ್ಲಿ ಇಲ್ಲದ ಕೆಂಪನ್ನು ಬಟ್ಟೆ ಮರಳಿಸುವುದಾದರೂ ಹೇಗೆ? ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಬಟ್ಟೆಯ ಬಣ್ಣವೂ ಶಾಯಿಯೂ ತಮ್ಮತಮ್ಮ ಗುಣವನ್ನು ತೋರಿಸಿಕೊಟ್ಟವು. ಒಂದು ಬೆಳಕಿನಲ್ಲಿ ಸರಿಹೊಂದಿದ ಜೋಡಿ ಇನ್ನೊಂದರಲ್ಲಿ ಬೇರೆಯಾಗುವುದು ಮುದ್ರಣದವರಿಗೂ ಜವಳಿಯವರಿಗೂ ಹಳೆಯ ತಲೆನೋವು. ಅದಕ್ಕೆಂದೇ ಅವರ ಮೇಜಿನ ಬಳಿ ಬೂದು ಬಣ್ಣ ಬಳಿದ ಒಂದು ಪೆಟ್ಟಿಗೆಯಿದೆ, ಅದರೊಳಗೆ ಬೆಳಕಿನ ಬಣ್ಣವನ್ನು ಹೇಳುವ ಅಳತೆಯಲ್ಲಿ ಮುದ್ರಣಲೋಕ ಒಪ್ಪಿಕೊಂಡಿರುವ 5000 ಕೆಲ್ವಿನ್ ಮಟ್ಟದ ದೀಪ. ಕೊನೆಯ ಒಪ್ಪಿಗೆಯನ್ನು ಅದರೊಳಗೇ ಕೊಡಬೇಕೆಂದು ಕೇಳುತ್ತಾರೆ. ನಮ್ಮ ವಾಚನಾಲಯದಲ್ಲಿ ಯಾವ ದೀಪವಿದೆ, ಕಿಟಕಿ ಯಾವ ದಿಕ್ಕಿಗಿದೆ ಎಂದೂ ಕೇಳಿದರು. ಚಿತ್ರದ ಅಂಗಡಿಯಲ್ಲಿ ಯಾರೂ ನನ್ನಲ್ಲಿ ಕಿಟಕಿಯ ದಿಕ್ಕನ್ನು ಕೇಳಿದ್ದಿಲ್ಲ.

ಈ ಮಾತು ನಡೆಯುವಾಗ ನನಗೆ ಬಯಲಾಟದ ಬೆಳಕೇ ನೆನಪಾಗುತ್ತಿತ್ತು. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು, ಇವುಗಳನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಮುಖಕ್ಕೆ ಬರೆಯುವ ಪದ್ಧತಿ ಬೆಳೆದದ್ದು ದೊಂದಿಯ ಬೆಳಕಿನಲ್ಲಿ. ಬೆಂಕಿಯ ಬೆಳಕಿನಲ್ಲಿ ಕೆಂಪು ಹಳದಿಗಳ ಪಾಲು ಹೆಚ್ಚು, ನೀಲಿಯದು ತೀರ ಕಡಿಮೆ. ಆ ಬೆಳಕಿನಲ್ಲಿ ಉರಿದು ಕಾಣುವ ಬಣ್ಣಗಳನ್ನೇ ನಮ್ಮ ಹಿರಿಯರು ವೇಷಕ್ಕೆ ಉಳಿಸಿಕೊಂಡರೆಂದು ನನಗೆ ತೋರುತ್ತದೆ. ಮಹಿಷಾಸುರ ಜನರ ನಡುವಿನಿಂದ ದೊಂದಿ ಹಿಡಿಸಿಕೊಂಡು ಬರುವಾಗ ಎರಚುವ ರಾಳದ ಹುಡಿಯ ಬೆಂಕಿ ನಮ್ಮ ಚಿತ್ರಗಳಲ್ಲೊಂದರಲ್ಲಿದೆ. ಅದನ್ನು ಕಾಗದದಲ್ಲಿ ತರುವುದು ಕಷ್ಟ, ಏಕೆಂದರೆ ಹಾಳೆಯ ಬಿಳಿಗಿಂತ ಹೆಚ್ಚು ಬೆಳಗುವ ಯಾವುದನ್ನೂ ಕಾಗದ ತೋರಿಸಲಾರದು. ಯಜಮಾನರು ಮಾಡಿದ್ದೆಂದರೆ ಬೆಂಕಿಯನ್ನು ಹಾಗೆಯೇ ಬಿಟ್ಟು, ಸುತ್ತಲಿನ ಕತ್ತಲೆಯನ್ನು ಇನ್ನಷ್ಟು ಆಳ ಮಾಡಿದ್ದು. ಬರಿಯ ಕಪ್ಪು ಶಾಯಿಯಲ್ಲದೆ ಉಳಿದ ಶಾಯಿಗಳನ್ನೂ ಸ್ವಲ್ಪ ಸ್ವಲ್ಪ ಸೇರಿಸಿದ ಕಪ್ಪದು. ಕತ್ತಲೆ ಹೆಚ್ಚಿದಾಗ ಬೆಂಕಿ ತಾನಾಗಿ ಉರಿಯಿತು. ಹನ್ನೊಂದು ಚಿತ್ರಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದು.

ಪುಸ್ತಕದ ಕೆಲಸವನ್ನು ಅವರು ತಾವು ಮಾಡುವುದಿಲ್ಲ. ಪುಟಗಳನ್ನು ಸಿದ್ಧಪಡಿಸಿ ಆಫ್‌ಸೆಟ್ ಪ್ರೆಸ್ಸಿಗೆ ಕೊಡುತ್ತಾರೆ. ಅಲ್ಲಿ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟುಗಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಕಲ್ಲಚ್ಚಿನ ಮುದ್ರಣಾಲಯದಲ್ಲಿ ಒಂದೊಂದು ಛಾಯೆಗೂ ಒಂದೊಂದು ಕಲ್ಲನ್ನು ಬರೆಯಬೇಕಾಗುತ್ತಿತ್ತು. ಅಲ್ಲಿಂದ ಬಂದ ಲಕ್ಷ್ಮಿ ಸರಸ್ವತಿಯರ ಪಟಗಳು ಎಷ್ಟೋ ಮನೆಗಳ ದೇವರ ಕೋಣೆಗೆ ಸೇರಿದವು. ಈಗ ನಾಲ್ಕೇ ಪ್ಲೇಟುಗಳು ಸಾಕಾಗುವುದು ಚುಕ್ಕೆಗಳಿಂದಾಗಿ. ಚುಕ್ಕೆ ದೊಡ್ಡದಾದರೆ ಬಣ್ಣ ಗಾಢ, ಸಣ್ಣದಾದರೆ ತಿಳಿ. ಚುಕ್ಕೆಗಳ ಸಾಲುಗಳನ್ನು ಸಾಮಾನ್ಯವಾಗಿ ಕಪ್ಪಿಗೆ 45, ಮಜೆಂಟಾಕ್ಕೆ 75, ಸಿಯಾನಿಗೆ 15, ಹಳದಿಗೆ 0 ಡಿಗ್ರಿಗಳಲ್ಲಿ ಓರೆಯಾಗಿ ಇಡುತ್ತಾರೆ. ಒಂದೇ ಓರೆಯಲ್ಲಿ ಇಟ್ಟು ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಚಿತ್ರದ ಮೇಲೆ ಬೇಡದ ಪಟ್ಟೆಗಳು ಏಳುತ್ತವೆ. ಭೂತಗನ್ನಡಿ ಹಿಡಿದು ಮುಖಪುಟವನ್ನು ನೋಡಿದಾಗ ಚುಕ್ಕೆಗಳು ಸಣ್ಣ ಹೂಗಳಂತೆ ಜೋಡಿಸಿಕೊಂಡಿರುವುದು ಕಂಡಿತು. ನಮ್ಮ ಪುಸ್ತಕ ಈ ಮಟ್ಟಿಗೆ ಅಚ್ಚುಕಟ್ಟಾಗಿ ಬಂದಿದೆ.

ಕೊರತೆಗಳೂ ಇವೆ. ಕನ್ನಡ ಅಕ್ಷರ ಜೋಡಣೆ ಅವರ ಬಲವಲ್ಲ: ಕೆಲಸಕ್ಕಿರುವ ಹುಡುಗಿಗೆ ಮಲಯಾಳ ಚೆನ್ನಾಗಿ ಬರುತ್ತದೆ, ಕನ್ನಡದ ಒತ್ತಕ್ಷರಗಳು ಫಾಂಟು ಬದಲಾದಾಗ ಒಡೆದುಹೋದದ್ದು ಅವಳ ಗಮನಕ್ಕೆ ಬರಲಿಲ್ಲ. ಮೂರು ಸಲ ನಾನೇ ಕೂತು ತಿದ್ದಬೇಕಾಯಿತು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ, ಒಂಬತ್ತು ದಿನ ತಡವಾಯಿತು. ಮಳೆಗಾಲವಾದ್ದರಿಂದ ಕಾಗದ ತೇವ ಹೀರಿ ಅಂಚು ಸುರುಳಿಯಾಯಿತೆಂದೂ, ಶಾಯಿ ಒಣಗಲು ಹೊತ್ತು ಬೇಕೆಂದೂ ಹೇಳಿದ್ದು ನಿಜವೇ ಇರಬಹುದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ಅದನ್ನು ಮೊದಲೇ ಲೆಕ್ಕ ಹಾಕಿ ದಿನ ಹೇಳಬೇಕಾಗಿತ್ತು. ಒಂದು ಹಾಳೆಯಲ್ಲಿ ಅಡ್ಡಗೆರೆಗಳು ಬಂದಿದ್ದವು, ಕೇಳುವ ಮೊದಲೇ ಬೇರೆ ತೆಗೆದುಕೊಟ್ಟರು.

ಹೋಗುವವರಿಗೆ ಒಂದೆರಡು ಮಾತು. ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಫೋಟೊವಾಗಿ ಕಳುಹಿಸಬೇಡಿ, ಅದು ಚಿತ್ರವನ್ನು ಕುಗ್ಗಿಸುತ್ತದೆ. ಎ3 ಅಳತೆಗೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 4961ಕ್ಕೆ 3508 ಬಿಂದುಗಳು ಬೇಕು. ಮೂಲ ಕಡತವನ್ನೇ ಕೊಂಡೊಯ್ಯಿರಿ. ಮೊಬೈಲಿನ ಪರದೆಯಲ್ಲಿ ಬಣ್ಣಗಳನ್ನು ಗಾಢಗೊಳಿಸುವ ‘ವಿವಿಡ್’ ಆಯ್ಕೆ ಇದ್ದರೆ ತೆಗೆದುಹಾಕಿ ನೋಡಿ, ನಿಮ್ಮ ನಿರೀಕ್ಷೆ ಅಲ್ಲಿಯೇ ಅರ್ಧ ನೆಲಕ್ಕಿಳಿಯುತ್ತದೆ. ಶಾಯಿಯ ಬಗ್ಗೆ ಕೇಳಿ: ಬಣ್ಣ ದ್ರವದಲ್ಲಿ ಕರಗಿರುವ ಡೈ ಶಾಯಿ ಹೊಳಪಾಗಿ ಕಂಡರೂ ಬಿಸಿಲಿಗೆ ಬೇಗ ಮಾಸುತ್ತದೆ, ಬಣ್ಣ ಸಣ್ಣ ಕಣಗಳಾಗಿಯೇ ಇರುವ ಪಿಗ್‌ಮೆಂಟ್ ಶಾಯಿ ಹೆಚ್ಚು ಬಾಳುತ್ತದೆ. ಬಸ್ ನಿಲ್ದಾಣದ ಗೋಡೆಗಳ ಹಳೆಯ ಪೋಸ್ಟರುಗಳೆಲ್ಲ ಕಾಲಕ್ರಮದಲ್ಲಿ ನೀಲಿಯಾಗುವುದನ್ನು ಗಮನಿಸಿರಬಹುದು. ಹಳದಿ ಮತ್ತು ಮಜೆಂಟಾ ಮೊದಲು ಕರಗಿ ಸಿಯಾನ್ ಮತ್ತು ಕಪ್ಪು ಹಿಂದೆ ಉಳಿಯುವುದರಿಂದ ಹಾಗಾಗುತ್ತದೆ. ವಾಚನಾಲಯದ ಪಡುವಣ ಕಿಟಕಿಗೆ ನಾವು ಪರದೆ ಹಾಕಿಸಿದ್ದು ಇದೇ ಕಾರಣದಿಂದ.

ಹನ್ನೆರಡನೆಯ ಚಿತ್ರ ವಿಷ್ಣುವಿನದು. ಆ ಸನ್ನಿವೇಶಕ್ಕೆ ರಂಗಸ್ಥಳದಲ್ಲಿ ಕಡು ನೀಲಿ ಎಲ್‌ಇಡಿ ದೀಪಗಳನ್ನು ಹಾಕಿದ್ದರು, ಮೊಬೈಲಿನಲ್ಲಿ ಅದು ಕಡಲಿನೊಳಗಿಂದ ಬೆಳಕು ಬಂದಂತೆ ಕಾಣುತ್ತದೆ. ‘ಇದು ಕಾಗದದಲ್ಲಿ ಆಗುವ ನೀಲಿ ಅಲ್ಲ ಮಾಷ್ಟ್ರೇ’ ಎಂದು ಯಜಮಾನರು ಮೊದಲ ದಿನವೇ ಹೇಳಿದ್ದರು. ನಾನು ಒಪ್ಪದೆ ಪಟ್ಟಿ ತೆಗೆಸಿದೆ, ನಾಲ್ಕು ಸಲ ತೆಗೆಸಿದೆ. ಸಿಯಾನ್ ಹೆಚ್ಚಿಸಿದರೆ ನವಿಲಿನ ಬಣ್ಣ, ಮಜೆಂಟಾ ಹೆಚ್ಚಿಸಿದರೆ ನೇರಳೆ. ಆ ನೀಲಿ ಮಾತ್ರ ಬರಲಿಲ್ಲ. ನಾಲ್ಕನೆಯ ಪಟ್ಟಿಗೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಈಗ ವಾಚನಾಲಯದ ಗೋಡೆಯಲ್ಲಿ ಹನ್ನೊಂದು ಚೌಕಟ್ಟುಗಳಿವೆ. ವಿಷ್ಣುವನ್ನು ನೋಡಬೇಕೆಂದು ಕೇಳಿದವರಿಗೆ ಸೋದರಳಿಯ ತನ್ನ ಮೊಬೈಲನ್ನು ತೆರೆದು ತೋರಿಸುತ್ತಾನೆ.